ಕೆನಡಾ ಪಿಆರ್ ಮಂಜೂರಾದ ಮೇಲೆ: ಹೊರಡುವ ಮುಂಚೆ ತೀರ್ಥಹಳ್ಳಿಯಲ್ಲಿ ಮಾಡಿಕೊಂಡ ಕೆಲಸಗಳು

ಬೆಂಗಳೂರಿನ ವೀಸಾ ಕೇಂದ್ರದಿಂದ ಪಾಸ್‌ಪೋರ್ಟ್ ವಾಪಸ್ ಬಂತು, ಒಳಗೆ ವೀಸಾ ಅಂಟಿದೆ, ಜೊತೆಗೆ ಸಿಒಪಿಆರ್ (ಕಾಯಂ ವಾಸ ಮಂಜೂರಾದುದನ್ನು ದೃಢೀಕರಿಸುವ) ಪತ್ರವಿದೆ ಎಂದರೆ ಮನೆಯಲ್ಲಿ ಎಲ್ಲರೂ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಕೆನಡಾದ ಗಡಿಯಲ್ಲಿ ಅಧಿಕಾರಿ ಆ ಪತ್ರವನ್ನು ನೋಡಿ ಒಪ್ಪುವವರೆಗೆ ನಾವಿನ್ನೂ ಪರ್ಮನೆಂಟ್ ರೆಸಿಡೆಂಟ್ (ಪಿಆರ್, ಅಂದರೆ ಕಾಯಂ ನಿವಾಸಿ) ಅಲ್ಲ. ಅಲ್ಲಿ ಕೇಳುವ ಪ್ರಶ್ನೆಗಳು ಕೆಲವೇ. ಉತ್ತರಗಳು ಮಾತ್ರ ಊರಿನಲ್ಲೇ ತಯಾರಾಗಿರಬೇಕು.

ಮೊದಲು ನೋಡಬೇಕಾದ್ದು ಪತ್ರದ ಮೇಲಿನ ಕೊನೆಯ ದಿನಾಂಕ. ವೈದ್ಯಕೀಯ ಪರೀಕ್ಷೆ ಆದ ದಿನದಿಂದ 12 ತಿಂಗಳು ಅಥವಾ ಪಾಸ್‌ಪೋರ್ಟ್ ಮುಗಿಯುವ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದೇ ಸಾಮಾನ್ಯವಾಗಿ ಅಲ್ಲಿರುತ್ತದೆ. ಅದನ್ನು ವಿಸ್ತರಿಸಿಕೊಡುತ್ತಾರೆಂದು ನಂಬಿ ಕೂರಬೇಡಿ. ಹೆಸರು, ಹುಟ್ಟಿದ ದಿನಾಂಕವನ್ನು ಒಂದೊಂದೇ ಅಕ್ಷರ ಪಾಸ್‌ಪೋರ್ಟ್ ಜೊತೆ ತಾಳೆ ನೋಡಿ. ನಮ್ಮ ಕಡೆಯ ಇನಿಷಿಯಲ್, ಊರ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಸರ್‌ನೇಮ್ ಜಾಗದಲ್ಲಿ ಏನೇನೋ ಆಗಿರುತ್ತದೆ, ಮುಂದಿನ ಎಲ್ಲ ದಾಖಲೆಗಳೂ ಇದನ್ನೇ ಅನುಸರಿಸುತ್ತವೆ. ಪತ್ರದ ಮೇಲೆ ಸಹಿ ಮಾತ್ರ ಊರಲ್ಲಿ ಹಾಕಬೇಡಿ. ಅದು ಅಧಿಕಾರಿಯ ಎದುರಿಗೇ ಆಗಬೇಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮಲೆನಾಡಿನ ಮನೆಗಳಲ್ಲಿ "ಹೋಗೋದರೊಳಗೆ ಒಂದು ಮದುವೆ ಮುಗಿಸಿಬಿಡೋಣ" ಎನ್ನುವ ಮಾತು ಬಂದೇ ಬರುತ್ತದೆ. ಒಂಟಿ ಎಂದು ಅರ್ಜಿ ಹಾಕಿ, ಪಿಆರ್ ಮಂಜೂರಾದ ಮೇಲೆ ಮದುವೆಯಾಗಿ, ಅದನ್ನು ತಿಳಿಸದೆ ಹೋಗಿ ಇಳಿದರೆ, ಆ ಹೆಂಡತಿಯನ್ನೋ ಗಂಡನನ್ನೋ ಮುಂದೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವ ದಾರಿ ಮುಚ್ಚಿಹೋಗಬಹುದು. ವಲಸೆ ನಿಯಮದ 117(9)(ಡಿ) ಇರುವುದೇ ಇದಕ್ಕೆ. ಮಗು ಹುಟ್ಟಿದರೂ ಇದೇ ಮಾತು. ಮದುವೆಯೋ ಜನನವೋ ಆದರೆ ಹೊರಡುವ ಮೊದಲೇ ವಲಸೆ ಇಲಾಖೆಗೆ ತಿಳಿಸಿ, ಅವರ ಉತ್ತರ ಬಂದ ಮೇಲೆಯೇ ಟಿಕೆಟ್. ಇಲ್ಲವೇ ಮೊದಲು ಹೋಗಿ ಇಳಿದು, ಆಮೇಲೆ ಬಂದು ಮದುವೆಯಾಗಿ. ಸಂಸಾರ ಸಮೇತ ಹೋಗುವವರಲ್ಲಿ ಮುಖ್ಯ ಅರ್ಜಿದಾರರು ಮೊದಲು ಅಥವಾ ಜೊತೆಗೇ ಇಳಿಯಬೇಕು.

ಹೆಚ್ಚು ಸಮಯ ಹಿಡಿಯುವ ಕೆಲಸ ಸಾಮಾನಿನ ಪಟ್ಟಿ. ಅದರ ಫಾರಂ ಬಿಎಸ್‌ಎಫ್ 186. ಎರಡು ಪಟ್ಟಿ ಬೇಕು: ಈಗ ಜೊತೆಯಲ್ಲಿ ತರುವುದು ಒಂದು, ಮುಂದೆ ತರಿಸಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಮೊದಲ ಸಲ ಇಳಿದಾಗಲೇ ಕೊಡದಿದ್ದರೆ ಆಮೇಲೆ ಬರುವ ಸಾಮಾನಿಗೆ ಸುಂಕದ ವಿನಾಯಿತಿ ಹೋಗುತ್ತದೆ. ಎರಡು ವರ್ಷ ಬಿಟ್ಟು ಅಮ್ಮ ತರಬಹುದಾದ ಬೆಳ್ಳಿ ತಟ್ಟೆಯೂ ಅದರಲ್ಲಿರಲಿ. ಸಾಮಾನು ಹೊರಡುವ ಮೊದಲೇ ನಮ್ಮದಾಗಿದ್ದು ಬಳಸಿದ್ದಾಗಿರಬೇಕು, ಪ್ಯಾಕ್ ಬಿಚ್ಚದ ಹೊಸ ವಸ್ತು ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್, ಕ್ಯಾಮೆರಾಗಳಿಗೆ ಸೀರಿಯಲ್ ನಂಬರ್ ಬೇಕು.

ಆಭರಣಕ್ಕೆ ಬರೀ "ಚಿನ್ನದ ಸರ" ಎಂದರೆ ಸಾಲದು. ನಾನು ಬರೆದದ್ದು ಹೀಗೆ: "22 ಕ್ಯಾರಟ್ ಚಿನ್ನದ ಅವಲಕ್ಕಿ ಸರ, ಒಂದೆಳೆ, 24 ಗ್ರಾಂ, ಕೊಕ್ಕೆಯ ಪಕ್ಕ ಒಂದು ಕೆಂಪು ಹರಳು", ಎದುರಿಗೆ ಕೆನಡಾ ಡಾಲರಿನಲ್ಲಿ ಬೆಲೆ. ಪ್ರತಿ ಒಡವೆಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆದು, ಶಿವಮೊಗ್ಗ ಗಾಂಧಿ ಬಜಾರಿನ ಸರಾಫರ ಹತ್ತಿರ ತೂಕ ಹಾಕಿಸಿ, ಫೋಟೊದ ಮೇಲೆ ದಿನಾಂಕ ಸಹಿ ಮಾಡಿಸಿಕೊಂಡೆ. ಅಜ್ಜಿಯ ಕಾಲದ ಒಡವೆಗೆ ಬಿಲ್ ಎಲ್ಲಿರುತ್ತದೆ? ಈ ಫೋಟೊಗಳೇ ಅದರ ಬದಲಿಗೆ ನಿಲ್ಲುತ್ತವೆ. ಅದೇ ಒಡವೆ ಹಾಕಿಕೊಂಡು ಮುಂದೆ ಊರಿಗೆ ಬರುವಾಗ ಇಲ್ಲಿ ಸುಂಕದ ತಕರಾರು ಬಾರದಿರಲು, ಹೊರಡುವ ದಿನ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಒಡವೆ ಚೆಕ್-ಇನ್ ಚೀಲಕ್ಕೆ ಹೋಗುವ ಮೊದಲೇ, ಅಂದರೆ ಕೈಚೀಲದಲ್ಲಿಟ್ಟುಕೊಂಡೇ ತೋರಿಸಬೇಕು.

ನಮ್ಮ ಕಡೆಯವರು ಮರೆಯುವುದು ಮಣ್ಣು. ಜಮೀನಿಗೆ ಹೋಗಿದ್ದಿರಾ, ಕೆನಡಾದಲ್ಲೂ ಜಮೀನಿಗೆ ಹೋಗುತ್ತೀರಾ ಎಂದು ಅಲ್ಲಿ ಇಳಿದಾಗ ತುಂಬುವ ಡಿಕ್ಲರೇಶನ್‌ನಲ್ಲೇ ಕೇಳುತ್ತಾರೆ. ಕಾರಣ ದನಗಳ ಕಾಲುಬಾಯಿ ಜ್ವರ ಮತ್ತು ಗಿಡಗಳ ರೋಗ. ಕೊಟ್ಟಿಗೆಗೆ, ತೋಟಕ್ಕೆ ಹಾಕಿಕೊಂಡು ಓಡಾಡಿದ ಶೂ ತರುವುದೇ ಬೇಡ. ತರಲೇಬೇಕೆಂದರೆ ಅಟ್ಟೆಯ ಗೀರುಗಳಲ್ಲಿ ಕೂತ ಕೆಂಪು ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಾದರೆ ಬಚ್ಚಲ ಒಲೆಯ ಹತ್ತಿರ ಎರಡು ದಿನವಾದರೂ ಇಡಬೇಕು, ಇಲ್ಲವಾದರೆ ಬೂಸಲು ಹಿಡಿಯುತ್ತದೆ. ಕಾಳುಮೆಣಸಿನ ಬಳ್ಳಿ, ಮಲ್ಲಿಗೆ ಕಡ್ಡಿ, ಬಿತ್ತನೆ ಬೀಜ ಯಾವುದೂ ಬೇಡ. ತಿಂಡಿ ಏನೇ ಇದ್ದರೂ ಡಿಕ್ಲೇರ್ ಮಾಡಿ. ಹೇಳಿದ ವಸ್ತುವನ್ನು ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಹೇಳದೆ ಸಿಕ್ಕಿದರೆ 1,300 ಡಾಲರ್‌ವರೆಗೆ ದಂಡ. ಇಡೀ ಒಣಕೊಬ್ಬರಿ ಮಾತ್ರ ಚೆಕ್-ಇನ್ ಲಗೇಜಿನಲ್ಲಿ ಹೋಗುವುದಿಲ್ಲ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತು ಎಂದು ಅದನ್ನು ತಡೆಯುತ್ತಾರೆ.

ಅಪ್ಪೆಮಿಡಿ ಉಪ್ಪಿನಕಾಯಿಗೆ ಗಾಜಿನ ಭರಣಿ ಬೇಡ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಕೆಜಿ ಸಾಕು. ಕಂಠದವರೆಗೆ ತುಂಬದೆ ಎರಡು ಬೆರಳು ಜಾಗ ಬಿಡಿ, ಹುಳಿತು ಗಾಳಿಯಾದಾಗ ಮುಚ್ಚಳ ತಳ್ಳುವುದು ಆಗ ಕಡಿಮೆ. ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು, ಆಮೇಲೆ ಒಂದರೊಳಗೊಂದು ಎರಡು ಜಿಪ್ ಚೀಲ.

ದುಡ್ಡಿನ ವಿಷಯ. ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಮಾತ್ರ, ಉಳಿದದ್ದು ಫಾರೆಕ್ಸ್ ಕಾರ್ಡು ಅಥವಾ ಬ್ಯಾಂಕ್ ವರ್ಗಾವಣೆ. ಒಂದು ಹಣಕಾಸು ವರ್ಷದಲ್ಲಿ ವಿದೇಶಕ್ಕೆ ಕಳಿಸಿದ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗಕ್ಕೆ ಬ್ಯಾಂಕು ಟಿಸಿಎಸ್ (ಮುಂಗಡವಾಗಿ ಹಿಡಿಯುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಬರುತ್ತದೆ, ಆದರೂ ಅಷ್ಟು ದಿನ ಕೈಗೆ ಸಿಗುವುದಿಲ್ಲ. ಮಾರ್ಚ್-ಏಪ್ರಿಲ್ ಹೊತ್ತಿಗೆ ಹೊರಡುವವರು ಎರಡು ವರ್ಷಕ್ಕೆ ಹಂಚಿ ಕಳಿಸಬಹುದು. ನಗದು, ಡ್ರಾಫ್ಟ್ ಸೇರಿ 10,000 ಕೆನಡಾ ಡಾಲರ್ ಅಥವಾ ಹೆಚ್ಚಿದ್ದರೆ ಇಳಿದಾಗ ಹೇಳಲೇಬೇಕು. ಹೇಳಿದ್ದಕ್ಕೆ ತೆರಿಗೆಯಿಲ್ಲ.

ಕಾಗದಪತ್ರಗಳಲ್ಲಿ ಎರಡನ್ನು ಯಾರೂ ನೆನಪಿಸುವುದಿಲ್ಲ. ಒಂದು, ಮಕ್ಕಳ ತಾಯಿ ಕಾರ್ಡ್. ಕೆನಡಾದ ಒಂಟಾರಿಯೊ ಪ್ರಾಂತ್ಯದ ಶಾಲೆಗಳು ಲಸಿಕೆ ದಾಖಲೆ ಕೇಳುತ್ತವೆ, ನಮ್ಮ ಕಾರ್ಡು ಕನ್ನಡದಲ್ಲಿರುವುದರಿಂದ ಇಂಗ್ಲಿಷಿಗೆ ಅನುವಾದ ಮಾಡಿಸಿ. ಇನ್ನೊಂದು, ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್, ಅಂದರೆ ಡ್ರೈವಿಂಗ್ ಲೈಸೆನ್ಸಿನ ಪೂರ್ತಿ ವಿವರದ ಪತ್ರ. ಶಿವಮೊಗ್ಗದ ಕೆಎ-14 ಆಗಲಿ ಸಾಗರದ ಕೆಎ-15 ಆಗಲಿ, ನವೀಕರಿಸಿದ ಕಾರ್ಡು ಮಾತ್ರ ತೋರಿಸಿದರೆ ಹಳೆಯ ಅನುಭವ ಗೊತ್ತಾಗದೆ ಹೋಗಬಹುದು. ಎರಡು ವರ್ಷಕ್ಕಿಂತ ಹೆಚ್ಚು ಅನುಭವವಿದೆಯೆಂದು ದೃಢೀಕರಿಸಿದ ಪತ್ರವಿದ್ದರೆ ಒಂಟಾರಿಯೊದಲ್ಲಿ ಲಿಖಿತ ಪರೀಕ್ಷೆಯ ನಂತರ ನೇರವಾಗಿ ಜಿ (ಪೂರ್ಣ ಲೈಸೆನ್ಸಿನ) ರಸ್ತೆ ಪರೀಕ್ಷೆಗೆ ಹೋಗಬಹುದು.

ತೋಟವಿದ್ದವರು ಹಿಸ್ಸೆ, ಖಾತೆ, ಪಹಣಿಯ ಕೆಲಸ ಮುಗಿಸಿಯೇ ಹೊರಡಿ. ಎನ್‌ಆರ್‌ಐ ಆದ ಮೇಲೆ ಇರುವ ಜಮೀನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದರೂ ಸರಿ, ಹೊಸದಾಗಿ ಕೃಷಿ ಜಮೀನು, ಪ್ಲಾಂಟೇಶನ್ ಕೊಳ್ಳುವಂತಿಲ್ಲ. ಪವರ್ ಆಫ್ ಅಟಾರ್ನಿಯನ್ನು ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಮಾಡಿಸುವುದು ಸುಲಭ. ಉಳಿತಾಯ ಖಾತೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆಗಬೇಕು, ಒಟಿಪಿ ಬರುವ ಮೊಬೈಲ್ ನಂಬರ್ ರೋಮಿಂಗ್‌ನಲ್ಲಿ ಜೀವಂತವಿರಬೇಕು.

ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನವಿದ್ದರೂ ದೇಶೀಯ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕೆಜಿಯಷ್ಟೇ. 23 ಕೆಜಿಯ ಎರಡೆರಡು ಸೂಟ್‌ಕೇಸಿಗೆ ರೈಲು ಅಥವಾ ಕಾರೇ ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನ ಮುಂಚೆ ಬೆಂಗಳೂರು ಸೇರಿಕೊಳ್ಳಿ.

ಕೆನಡಾದಲ್ಲಿ ಮೊದಲು ಇಳಿದ ಊರಿನಲ್ಲೇ ಎಲ್ಲ ನಡೆಯುತ್ತದೆ. ಕ್ಯಾಲ್ಗರಿಗೆ ಹೋಗುವವರಿಗೂ ವಿಮಾನ ಬದಲಿಸುವುದು ಟೊರಾಂಟೊದಲ್ಲಾದರೆ ಲ್ಯಾಂಡಿಂಗ್, ಅಂದರೆ ಪಿಆರ್ ಆಗುವ ಪ್ರಕ್ರಿಯೆ, ಅಲ್ಲೇ. ನಡುವೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ. ಯಂತ್ರದಲ್ಲಿ ಡಿಕ್ಲರೇಶನ್ ಮುಗಿಸಿ ವಲಸೆ ಕೌಂಟರಿಗೆ ಹೋದರೆ ಮದುವೆ, ಮಕ್ಕಳು, ಅಪರಾಧ ಪ್ರಕರಣ, ತಂದ ಹಣದ ಬಗ್ಗೆ ಕೇಳುತ್ತಾರೆ. ಪತ್ರದಲ್ಲಿ ತಪ್ಪಿದ್ದರೆ ಸಹಿಗೆ ಮೊದಲೇ ತೋರಿಸಿ, ಆಮೇಲೆ ತಿದ್ದಿಸಲು ಬೇರೆ ಅರ್ಜಿ ಬೇಕಾಗುತ್ತದೆ. ನಂತರ ಕಸ್ಟಮ್ಸ್‌ನಲ್ಲಿ ಎರಡೂ ಪಟ್ಟಿಗೆ ಮುದ್ರೆ ಹಾಕಿಸಿ, ಮುಂದೆ ಬರುವ ಸಾಮಾನಿನ ಪ್ರತಿಯನ್ನು ಜೋಪಾನ ಮಾಡಿ.

ಸಿನ್ (ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸೋಷಿಯಲ್ ಇನ್ಶೂರೆನ್ಸ್ ನಂಬರ್) ಎಂಬ ಒಂಬತ್ತು ಅಂಕಿಯ ಸಂಖ್ಯೆ ಉಚಿತ, ಮೊದಲ ವಾರವೇ ಮಾಡಿಸಿ. ಒಂಟಾರಿಯೊದಲ್ಲಿ ಆರೋಗ್ಯ ವಿಮೆಗೆ ಮೂರು ತಿಂಗಳ ಕಾಯುವಿಕೆ 2020ರಲ್ಲಿ ಹೋಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಇಳಿದ ತಿಂಗಳ ಉಳಿದ ದಿನ ಮತ್ತು ಇನ್ನೆರಡು ತಿಂಗಳು ಕಾಯಬೇಕು, ಅಲ್ಲಿಯವರೆಗೆ ಖಾಸಗಿ ವಿಮೆ ಇರಲಿ.

ಪಿಆರ್ ಕಾರ್ಡ್ ಬರುವುದು ಕೆನಡಾದ ವಿಳಾಸಕ್ಕೆ ಮಾತ್ರ. ಇಳಿದಾಗ ವಿಳಾಸವಿಲ್ಲದಿದ್ದರೆ 180 ದಿನದೊಳಗೆ ತಿಳಿಸಿ, ತಪ್ಪಿದರೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಕಾರ್ಡ್ ಕೈಗೆ ಬರುವ ಮೊದಲು ದೀಪಾವಳಿಗೆಂದು ಊರಿಗೆ ಟಿಕೆಟ್ ತೆಗೆಯಬೇಡಿ. ಆ ವೀಸಾ ಒಂದೇ ಸಲದ್ದು. ಕಾರ್ಡಿಲ್ಲದೆ ವಾಪಸ್ ವಿಮಾನ ಹತ್ತಲು ಬಿಡುವುದಿಲ್ಲ, ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಿ ಅದು ಬರುವವರೆಗೆ ಇಲ್ಲೇ ಕಾಯಬೇಕಾಗುತ್ತದೆ.