ಗುಮ್ ಅನ್ನುವ ಮರ ಕೊನೆಗೂ ಸಿಕ್ಕಿತು

ಕೂಗುವ ಗಂಡು ಸೂಟಿ ಗ್ರೌಸನ್ನು (ಅಮೆರಿಕದ ಪಶ್ಚಿಮ ಬೆಟ್ಟಗಳ, ಕಾಡುಕೋಳಿಯಂಥ ಹಕ್ಕಿ) ಮರದ ಮೇಲೇ ನೋಡಬೇಕು ಅಂತ ಹೊರಟಾಗ ಸಿಯಾಟಲ್‌ನ ನಮ್ಮ ಹಕ್ಕಿ ಗೆಳೆಯರು ನಕ್ಕಿದ್ದರು. ರಸ್ತೆ ಬದಿಯಲ್ಲಿ ಮರಿಗಳ ಜೊತೆ ಹೆಣ್ಣು ಯಾರಿಗಾದರೂ ಸಿಗುತ್ತದೆ. ಗಂಡು ಹಾಗಲ್ಲ. ಫರ್ ಮರದ ತುದಿಯಲ್ಲಿ ಕಾಂಡಕ್ಕೆ ಒತ್ತಿಕೊಂಡು ಕೂತು ಐದಾರು ಸಲ ಗುಮ್ಮೆನ್ನುತ್ತದೆ. ದಿಕ್ಕು ಮಾತ್ರ ತಿಳಿಯುವುದಿಲ್ಲ. ಜೊತೆಗಿದ್ದ ಪುತ್ತೂರಿನ ಗೆಳೆಯ, "ಹಕ್ಕಿ ಅಲ್ಲ ಮಾರಾಯ, ಯಾರೋ ಬಾಟಲಿ ಊದ್ತಾ ಇದ್ದಾರೆ" ಅಂದ.

ಮೊದಲ ವರ್ಷ ಒಲಿಂಪಿಕ್ ಬೆಟ್ಟಗಳ ಹರಿಕೇನ್ ರಿಡ್ಜ್‌ಗೆ ಆರೋ ಏಳೋ ಸಲ ಹೋದೆ. ಫೆರ್ರಿ, ಪೆಟ್ರೋಲು ಸೇರಿ ಪ್ರತಿ ಸಲ ನೂರು ಡಾಲರಿನ ಹತ್ತಿರ ಕೈಬಿಟ್ಟಿತು. 2023ರಲ್ಲಿ ಮೇಲಿನ ಲಾಡ್ಜ್ ಸುಟ್ಟುಹೋದ ಮೇಲೆ ಬಿಸಿ ಕಾಫಿಯೂ ಇರಲಿಲ್ಲ. ಮರುವರ್ಷ ಬುದ್ಧಿಗೆಟ್ಟು ಸುಮಾರು 300 ಡಾಲರಿನ ಉದ್ದ ಮೈಕು ಕೊಂಡೆ. ಈ ಕೂಗು 100 ಹರ್ಟ್ಸ್ ಆಸುಪಾಸಿನದು, ಅಷ್ಟು ತಗ್ಗಿನಲ್ಲಿ ಆ ಮೈಕಿಗೂ ದಿಕ್ಕು ಗೊತ್ತಾಗಲ್ಲ. ಅರ್ಧ ಬೆಲೆಗೆ ಮಾರಿದೆ.

(ಗೆಳೆಯನ ಮಾತನ್ನೂ ಮನೆಯಲ್ಲಿ ಪರೀಕ್ಷಿಸಿದೆ. ಬಿಯರ್ ಬಾಟಲಿಯ ಸ್ವರ ತೀರಾ ಮೇಲೆ. ಗ್ಯಾಲನ್ ಗಾಜಿನ ಜಗ್ಗು ಊದಿದರೆ ಹೆಚ್ಚುಕಡಿಮೆ ಅದೇ. ಹೆಂಡತಿ ರೂಮಿನ ಬಾಗಿಲು ಹಾಕಿಕೊಂಡಳು.)

ಕೊನೆಗೆ ಕೈಹಿಡಿದದ್ದು ಹಿಕ್ಕೆ. ಚಳಿಗಾಲವಿಡೀ ಈ ಹಕ್ಕಿ ತಿನ್ನುವುದು ಹೆಚ್ಚಾಗಿ ಸೂಜಿ ಎಲೆ. ಮೇ ತಿಂಗಳಲ್ಲಿ, ಹಿಮ ಕರಗುವ ಅಂಚಿನಲ್ಲಿ ನೆಲ ನೋಡುತ್ತ ನಡೆದೆ. ಕಿರುಬೆರಳಿನ ಒಂದು ಗೆಣ್ಣಿನಷ್ಟುದ್ದದ, ತುಸು ಬಾಗಿದ ಒಣ ತುಣುಕುಗಳು. ಮುರಿದರೆ ಒಳಗೆ ಬರೀ ಎಲೆಚೂರು. ಒಂದು ಫರ್ ಮರದ ಬುಡದಲ್ಲಿ ಎರಡು ಬೊಗಸೆಯಷ್ಟು ಬಿದ್ದಿತ್ತು. ಆಮೇಲೆ ಸದ್ದಿನ ಹಿಂದೆ ಹೋಗಲಿಲ್ಲ, ಮರಕ್ಕೆ ದೊಡ್ಡ ಸುತ್ತು ಹಾಕಿದೆ. ಎಲ್ಲಿ ನಿಂತರೂ ಗುಮ್ ಅನ್ನುವುದು ಸುತ್ತಿನ ಒಳಗಿಂದಲೇ. ಒದ್ದೆ ನೆಲದಲ್ಲಿ ಅಂಗಾತ ಮಲಗಿ ಮುಕ್ಕಾಲು ಗಂಟೆ ದುರ್ಬೀನು ಹಿಡಿದೆ. ಕೊಂಬೆಯ ಗಂಟು ಅಂದುಕೊಂಡದ್ದು ಕತ್ತು ಉಬ್ಬಿಸಿತು! ಬಿಳಿ ಗರಿಗಳ ನಡುವೆ ತರಿತರಿಯಾದ ಹಳದಿ ಗಾಳಿಚೀಲ, ಬಾಲದ ತುದಿಗೆ ಬೂದು ಪಟ್ಟಿ.

ಆ ಹಳದಿಯೇ ಗುರುತು. 2006ರವರೆಗೆ ಇದನ್ನೂ ಇದರ ಸೋದರ ಜಾತಿ ಡಸ್ಕಿ ಗ್ರೌಸನ್ನೂ ಸೇರಿಸಿ ಒಂದೇ 'ಬ್ಲೂ ಗ್ರೌಸ್' ಅನ್ನುತ್ತಿದ್ದರು. ಕ್ಯಾಸ್ಕೇಡ್ ಬೆಟ್ಟಸಾಲು ದಾಟಿ ಒಕನೋಗನ್ ಕಡೆಯ ಡಸ್ಕಿಗೂ ಒಂದು ವಾರಾಂತ್ಯ ಕೊಟ್ಟೆ. ಅದರ ಚೀಲ ನೇರಳೆಗೆಂಪು, ಕೂಗು ಮೆಲು, ಕೂಗುವುದೂ ಹೆಚ್ಚಾಗಿ ನೆಲದಿಂದ. ಅಲ್ಲಿ ನನ್ನ ಹಿಕ್ಕೆ ಪಾಂಡಿತ್ಯ ಉಪಯೋಗಕ್ಕೆ ಬರಲಿಲ್ಲ, ಬರಿಗೈಲಿ ಬಂದೆ.

ಈ ಮೇ ತಿಂಗಳಲ್ಲೂ ಗಂಡು ಅದೇ ಮರದಲ್ಲಿತ್ತು, ಹತ್ತು ನಿಮಿಷದಲ್ಲಿ ತೋರಿಸಿದೆ. ಯಾವ ಇಳಿಜಾರು, ಎಷ್ಟು ಹೊತ್ತಿಗೆ ಅನ್ನುವುದು ನನ್ನಲ್ಲೇ ಇರಲಿ. ಅಂದು ನಕ್ಕವರಲ್ಲಿ ಇಬ್ಬರು ಮುಂದಿನ ವರ್ಷಕ್ಕೆ ಈಗಲೇ ಸೀಟು ಕೇಳಿದ್ದಾರೆ. ಪೆಟ್ರೋಲು ಅವರದೇ.