ಅಂಗೈಯಗಲದ ತೆರೆಗೆ ಡೆಸ್ಕ್‌ಟಾಪ್ ಫೈರ್‌ಫಾಕ್ಸ್

ಪೈನ್‌ಫೋನ್‌ನಂಥ ಲಿನಕ್ಸ್ ಫೋನಿನಲ್ಲಿ ಓಡುವುದು ಆ್ಯಂಡ್ರಾಯ್ಡ್‌ಗೆಂದು ಬೇರೆಯಾಗಿ ಸಿದ್ಧಪಡಿಸಿದ ಫೈರ್‌ಫಾಕ್ಸ್ ಅಲ್ಲ, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬಳಸುವ ಫೈರ್‌ಫಾಕ್ಸೇ. ಆದ್ದರಿಂದ ಅದನ್ನು ಅಳವಡಿಸುವುದು ಸುಲಭ. ಸುಮಾರು ಆರು ಇಂಚಿನ ತೆರೆಗೆ ಒಗ್ಗಿಸುವುದರಲ್ಲೇ ಕೆಲಸವಿರುವುದು. ಪೋಸ್ಟ್‌ಮಾರ್ಕೆಟ್‌ಒಎಸ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಗೂ ಅದರ ಮೇಲೆ ತೆರೆಯ ನೋಟವನ್ನು ನಿಭಾಯಿಸುವ ಫಾಶ್ ತಂತ್ರಾಂಶ ಇರುವ ಪೈನ್‌ಫೋನನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮೊದಲು ಟರ್ಮಿನಲ್ (ಆದೇಶಗಳನ್ನು ಟೈಪಿಸುವ ಕಿಟಕಿ) ತೆರೆದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ಸುಡೊ ಎಪಿಕೆ ಆ್ಯಡ್’ ಎಂದು ಟೈಪಿಸಿ, ಅದರ ಮುಂದೆ ‘ಫೈರ್‌ಫಾಕ್ಸ್-ಇಎಸ್‌ಆರ್’ ಮತ್ತು ‘ಮೊಬೈಲ್-ಕಾನ್ಫಿಗ್-ಫೈರ್‌ಫಾಕ್ಸ್’ ಎಂಬ ಎರಡು ಪ್ಯಾಕೇಜುಗಳ ಹೆಸರು ಸೇರಿಸಿ. ಇವು ಮೊದಲೇ ಇದ್ದರೆ ಮತ್ತೆ ಕೇಳಿದರೂ ತೊಂದರೆಯಿಲ್ಲ. ಎರಡನೆಯದನ್ನು ಮಾತ್ರ ಬಿಡಬೇಡಿ: ವಿಳಾಸಪಟ್ಟಿಯನ್ನು ಹೆಬ್ಬೆರಳಿಗೆ ಎಟುಕುವಂತೆ ಕೆಳಗೆ ತರುವುದೂ ಮೆನುಗಳನ್ನು ಕಿರಿದಾದ ತೆರೆಯೊಳಗೆ ಹಿಡಿಸುವುದೂ ಅದೇ. ಕನ್ನಡ ಪುಟಗಳಲ್ಲಿ ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ, ‘ಫಾಂಟ್-ನೋಟೊ-ಕನ್ನಡ’ ಪ್ಯಾಕೇಜನ್ನೂ ಹಾಕಿಕೊಂಡು ಬ್ರೌಸರನ್ನು ಮುಚ್ಚಿ ತೆರೆಯಿರಿ.

ಇನ್ನು ಅಳತೆಯ ವಿಷಯ. ಈ ಫೋನಿನ ತೆರೆಯ ಅಗಲ 720 ಪಿಕ್ಸೆಲ್. ಫಾಶ್ ಎಲ್ಲವನ್ನೂ ಎರಡು ಪಟ್ಟು ಹಿಗ್ಗಿಸಿ ತೋರಿಸುವುದರಿಂದ ಬ್ರೌಸರಿನ ಲೆಕ್ಕಕ್ಕೆ ಸಿಗುವುದು 360 ಮಾತ್ರ. ಸುದ್ದಿ ಓದಲು ಇಷ್ಟು ಸಾಕು. ಆದರೆ ಹತ್ತಾರು ಕಾಲಂಗಳ ಕೋಷ್ಟಕವಿರುವ ಪುಟ ಅರ್ಧಕ್ಕೇ ಕತ್ತರಿಸಿದಂತೆ ಕಾಣುತ್ತದೆ. ಆಗ ವಿಳಾಸದ ಜಾಗದಲ್ಲಿ ‘ಅಬೌಟ್:ಕಾನ್ಫಿಗ್’ ಎಂದು ಕೊಟ್ಟು, ಎಚ್ಚರಿಕೆಯನ್ನು ಒಪ್ಪಿ, ‘ಡೆವ್‌ಪಿಕ್ಸೆಲ್ಸ್’ ಎಂದು ಹುಡುಕಿ. ಸಿಗುವ ಆಯ್ಕೆಯ ಬೆಲೆ -1 ಎಂದಿರುತ್ತದೆ, ಅಂದರೆ ಫೋನಿನ ಅಳತೆಯನ್ನೇ ಅನುಸರಿಸು ಎಂದು. ಅದನ್ನು 1.5 ಮಾಡಿದರೆ ಅಗಲ 480ಕ್ಕೆ ಏರುತ್ತದೆ. ಒಮ್ಮೆಗೇ 1ಕ್ಕೆ ಇಳಿಸುವ ಆಸೆ ಬೇಡ. ನಾನು ಹಾಗೆ ಮಾಡಿ, ಎಳ್ಳುಕಾಳಿನಷ್ಟಾದ ಗುಂಡಿಗಳನ್ನು ಉಗುರಿನ ತುದಿಯಿಂದ ಒತ್ತುತ್ತಾ ಹಳೆಯ ಅಳತೆಗೆ ಮರಳಬೇಕಾಯಿತು.

ಪೈನ್‌ಫೋನ್ 2 ಜಿಬಿ ಮತ್ತು 3 ಜಿಬಿ ಮೆಮೊರಿಯ ಮಾದರಿಗಳಲ್ಲಿ ಬಂದಿದೆ. ಎರಡರಲ್ಲೂ ಮೂರ್ನಾಲ್ಕು ಟ್ಯಾಬುಗಳಿಗಿಂತ ಹೆಚ್ಚು ತೆರೆಯದಿರುವುದು ಕ್ಷೇಮ. ಯುಬ್ಲಾಕ್ ಒರಿಜಿನ್ ಎಂಬ ಆಡ್-ಆನ್ ಹಾಕಿಕೊಂಡರೆ ಜಾಹೀರಾತುಗಳು ನುಂಗುವ ಮೆಮೊರಿ ಉಳಿಯುತ್ತದೆ.

ಯುಎಸ್‌ಬಿ-ಸಿ ಡಾಕ್ ಮೂಲಕ ಮಾನಿಟರ್, ಕೀಲಿಮಣೆ, ಮೌಸ್ ಜೋಡಿಸುವವರು ಮೇಲಿನ ಬೆಲೆಯನ್ನು ಮತ್ತೆ -1 ಮಾಡಿಕೊಂಡು, ಕಿಟಕಿಯನ್ನು ದೊಡ್ಡ ತೆರೆಗೆ ಸರಿಸಿದರೆ ಸಾಕು.