ಮೂವತ್ತು ದಾಟಿದ ಮೇಲೆ ಬಂದ ಮೊಡವೆ ಮತ್ತು ನನ್ನ ಅಡಾಪಲೀನ್ ಪ್ರಯೋಗ

"ಅಡಾಪಲೀನ್ ನಿನ್ನ ಚರ್ಮಕ್ಕೆ ಆಗಲ್ಲ, ಬಿಟ್ಟುಬಿಡು" ಅಂದವರೇ ಈಗ ಏನು ಹಚ್ತೀಯ ಅಂತ ಕೇಳುತ್ತಿದ್ದಾರೆ. ಅದೇ ಅಡಾಪಲೀನ್, ಮೊಡವೆಗೆ ಹಚ್ಚುವ 0.1% ಜೆಲ್ ಕಣ್ರೀ. ಹಚ್ಚುವ ರೀತಿ ಮಾತ್ರ ಬೇರೆ.

ನನ್ನದು ದವಡೆ, ಗದ್ದದ ಮೊಡವೆ. ಮುಟ್ಟಿಗೆ ಒಂದು ವಾರ ಇರುವಾಗ ಒಳಗೇ ಗಂಟು ಕಟ್ಟುತ್ತದೆ, ಮುಟ್ಟಿದರೆ ನೋವು. ಮೊದಲು ದುಡ್ಡು ತಿಂದಿದ್ದು ಸೀರಮ್‌ಗಳು. ಸಂಬಳದಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಆಮೇಲೆ ಪೀಲ್, ಅಂದರೆ ಆಸಿಡ್ ಹಚ್ಚಿ ಮೇಲ್ಪದರ ಸುಲಿಸುವುದು, ಮಾಡಿಸಿದೆ. ಖರ್ಚು ಇನ್ನೂ ಜಾಸ್ತಿ, ಮುಖ ಚೆನ್ನಾಗಿದ್ದಿದ್ದು ಎರಡು ವಾರ. ಕ್ಲಿಂಡಾಮೈಸಿನ್ ಅನ್ನೋ ಹಚ್ಚುವ ಆಂಟಿಬಯೋಟಿಕ್ ಒಂದನ್ನೇ ಡಾಕ್ಟರ್ ಬರೆದುಕೊಟ್ಟಿದ್ದರು, ಅದು ಕೆಲವು ತಿಂಗಳು ಕೆಲಸ ಮಾಡಿ ಸುಮ್ಮನಾಯಿತು. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ (ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಇನ್ನೊಂದು ಮುಲಾಮು) ಇಲ್ಲದಿದ್ದರೆ ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಬಗ್ಗುವುದನ್ನೇ ಬಿಡುತ್ತವೆ.

ಕೊನೆಗೆ ಕೈಹಿಡಿದ ಕ್ರಮ ಇದು. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಡುತ್ತೇನೆ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಗಾತ್ರದಷ್ಟು ಜೆಲ್, ಇಡೀ ಮುಖಕ್ಕೆ. ಮೊಡವೆ ಇರುವ ಕಡೆ ಮಾತ್ರ ಹಚ್ಚಿ ಪ್ರಯೋಜನವಿಲ್ಲ. ನಾಳಿನ ಮೊಡವೆ ಇವತ್ತೇ ಕಣ್ಣಿಗೆ ಕಾಣದ ಹಾಗೆ ರಂಧ್ರದಲ್ಲಿ ಕೂತಿರುತ್ತದೆ. ಶುರುವಿಗೆ ವಾರಕ್ಕೆ ಎರಡು ರಾತ್ರಿ, ಆಮೇಲೆ ನಿಧಾನಕ್ಕೆ ದಿನಾ. ಮಾಯಿಶ್ಚರೈಸರ್ ಮೇಲೆ ಹಚ್ಚಿದರೆ ಔಷಧಿ ಇಳಿಯುತ್ತಾ ಅಂತ ನಕ್ಕವರಿದ್ದರು. ಇಳಿಯಿತು, ಸಿಪ್ಪೆಯೂ ಏಳಲಿಲ್ಲ. ಯಾವ ಮಾಯಿಶ್ಚರೈಸರ್, ಎಷ್ಟು ಹೊತ್ತು ಬಿಟ್ಟು ಜೆಲ್ ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಮೂರು ನಾಲ್ಕು ವಾರಕ್ಕೆ ಮುಖ ಮೊದಲಿಗಿಂತ ಕೆಟ್ಟಿತು. ಜನ ಕೈಬಿಡುವುದು ಇಲ್ಲೇ. ಮೂರು ತಿಂಗಳ ಹೊತ್ತಿಗೆ ಹೊಸ ಗಂಟುಗಳು ಅರ್ಧಕ್ಕಿಂತ ಕಡಿಮೆ.

ಬೆಂಜಾಯಿಲ್ ಪೆರಾಕ್ಸೈಡ್ 10% ಸುಮ್ನೆ ಉರಿ, 2.5% ಸಾಕು. ಒಮ್ಮೆ ಎಡಗೆನ್ನೆಗೆ ಹಚ್ಚಿ ಹಾಗೇ ಬಿಟ್ಟೆ, ಬಲಗೆನ್ನೆಯದನ್ನು ಐದು ನಿಮಿಷಕ್ಕೆ ತೊಳೆದೆ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಫಲ. ಎಡಗಡೆಯದರಿಂದ ಎರಡು ದಿಂಬಿನ ಕವರ್ ಬಣ್ಣ ಬಿಟ್ಟವು, ಅಷ್ಟೇ.

ಹಣೆ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಒಂದೇ ಅಳತೆಯ ಸಣ್ಣ ಗುಳ್ಳೆ, ವಿಪರೀತ ತುರಿಕೆ. ಆಂಟಿಬಯೋಟಿಕ್ ಮಾತ್ರೆಗೆ ಇನ್ನೂ ಹೆಚ್ಚಾಯಿತು. ಬೇರೆ ಡಾಕ್ಟರ್ ನೋಡಿದ ತಕ್ಷಣ, ಇದು ಮೊಡವೆಯೇ ಅಲ್ಲ, ಯೀಸ್ಟ್ ಅನ್ನೋ ಶಿಲೀಂಧ್ರದ ಕಾಟ ಅಂದರು. ಶಿಲೀಂಧ್ರ ಕೊಲ್ಲುವ ಕೀಟೋಕೊನಜೋಲ್ ಶಾಂಪೂ ನೊರೆಯನ್ನು ಹಣೆಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು ತೊಳೆಯುತ್ತಾ ಬಂದೆ. ಮೂರು ವಾರದಲ್ಲಿ ಹಣೆ ನುಣುಪು. ಇಷ್ಟು ಅಗ್ಗದ ಔಷಧಿ ಅಂತ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅಡಾಪಲೀನ್ ಮುಟ್ಟಬೇಡಿ. ಅಂಥವರಿಗೆ ಅಜೆಲಾಯಿಕ್ ಆಸಿಡ್ ಅನ್ನೋ ಬೇರೆ ಹಚ್ಚುವ ಔಷಧಿ ಇದೆ, ಡಾಕ್ಟರನ್ನು ಕೇಳಿ. ನನ್ನ ಕಂದು ಕಲೆಗಳಿಗೂ ಬೆಳಗ್ಗೆ ಅದನ್ನೇ 15% ಹಚ್ಚುತ್ತಿದ್ದೇನೆ, ಮೇಲೆ ಸನ್‌ಸ್ಕ್ರೀನ್. ಗುಳಿ ಬಿದ್ದ ಕಲೆಗೆ ಇದ್ಯಾವುದೂ ನಾಟುವುದಿಲ್ಲ. ಅದಕ್ಕೆ ಮೈಕ್ರೋನೀಡ್ಲಿಂಗೋ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಲೇಸರೋ ಆಗಬೇಕು. ಸೀರಮ್ ದುಡ್ಡು ಈಗ ಅದಕ್ಕೆ ಕೂಡುತ್ತಿದೆ.